ಕಳರಿಯ ಮೊದಲ ಮೂರು ತಿಂಗಳು: ಸೇರುವ ಮುನ್ನ ಮನೆಯವರು ತಿಳಿದಿರಬೇಕಾದದ್ದು

ಜೂನ್ ತಿಂಗಳಲ್ಲಿ ಮಳೆ ಹಿಡಿದು ಶಾಲೆಗಳು ತೆರೆದವೆಂದರೆ ಕಾಸರಗೋಡು, ಕಣ್ಣೂರು, ವಯನಾಡಿನ ಕಡೆಯ ಕಳರಿಗಳಿಗೆ ಹೊಸ ಮಕ್ಕಳು ಸೇರುವ ಕಾಲ ಬಂತೆಂದು ತಿಳಿಯಬೇಕು. ಗಡಿಯಾಚೆ ನೆಲೆಸಿದ ನಮ್ಮ ವ್ಯಾಪಾರಿ ಮನೆತನಗಳ ಮಕ್ಕಳಿಗೂ ಸಹಪಾಠಿಗಳನ್ನು ಕಂಡು ಆಸೆ ಹುಟ್ಟುವುದು ಸಹಜ. ಮನೆಯಲ್ಲಿ ಈ ಮಾತು ಎದ್ದಾಗ ತಾಯಂದಿರು ಕೇಳುವ ಪ್ರಶ್ನೆಗಳು ಮೂರು. ನಮ್ಮದು ಅಹಿಂಸೆಯ ಧರ್ಮ, ಹೊಡೆದಾಟ ಕಲಿಸುವ ಕಡೆಗೆ ಮಗುವನ್ನು ಕಳಿಸಬಹುದೇ? ಕೈಕಾಲು ಮುರಿದುಕೊಂಡರೆ ಏನು ಗತಿ? ಸಂಜೆಯ ತರಗತಿಯಾದರೆ ಸೂರ್ಯಾಸ್ತಕ್ಕೆ ಮುಂಚಿನ ಊಟದ ವ್ಯವಸ್ಥೆ ಹೇಗೆ?

ಈ ಮೂರೂ ಕೇಳಬೇಕಾದ ಪ್ರಶ್ನೆಗಳೇ. ಇವುಗಳಿಗೆ ಉತ್ತರ ಹುಡುಕಿ, ಹಿರಿಯರನ್ನು ಒಪ್ಪಿಸಿ, ಮಗುವನ್ನು ಸೇರಿಸಿದ ಮೇಲೆ ನಾಲ್ಕನೆಯ ಸಮಸ್ಯೆಯೊಂದು ತಲೆದೋರುತ್ತದೆ. ತಿಂಗಳು ಕಳೆಯುವುದರೊಳಗೆ ಮಗು ಮನೆಗೆ ಬಂದು, "ಅಲ್ಲಿ ಏನೂ ಕಲಿಸುವುದಿಲ್ಲ, ದಿನಾ ಕಾಲೆತ್ತಿಸುತ್ತಾರೆ ಅಷ್ಟೇ" ಎಂದು ದೂರುತ್ತದೆ. ತಂದೆಯವರಿಗೂ ಕೊಟ್ಟ ಹಣ ಹೋಯಿತೆಂದು ತೋರಿ, ಎರಡನೆಯ ತಿಂಗಳಿಗೆ ಕಳರಿ ನಿಂತುಹೋಗುತ್ತದೆ. ಕಲಿಕೆ ಫಲ ಕೊಡುವ ಹೊತ್ತಿಗೆ ಸರಿಯಾಗಿ ಬಿಟ್ಟುಬಿಡುವುದು ನಷ್ಟದ ವ್ಯಾಪಾರ. ಆದ್ದರಿಂದ ಆರಂಭದ ಮೂರು ತಿಂಗಳಲ್ಲಿ ಅಲ್ಲಿ ಏನು ನಡೆಯುತ್ತದೆ, ಏಕೆ ಹಾಗೆ ನಡೆಯುತ್ತದೆ ಎಂಬುದನ್ನು ನಮ್ಮ ಓದುಗ ಬಂಧುಗಳಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಕಳರಿ ಎಂಬ ಜಾಗ

ಕಳರಿ ಎಂದರೆ ಕಲಿಯುವ ಸ್ಥಳ. ಪಯಟ್ಟು ಎಂದರೆ ಅಭ್ಯಾಸ, ಕಾದಾಟ. ಉತ್ತರ ಕೇರಳದ ಸಂಪ್ರದಾಯದ ಕಳರಿ ನೆಲಮಟ್ಟಕ್ಕಿಂತ ಕೆಳಗೆ ಇರುತ್ತದೆ. ಸುಮಾರು ಮೂರೂವರೆ, ನಾಲ್ಕು ಅಡಿ ಆಳ ಅಗೆದು, ಒಳಗೆ ಕೆಮ್ಮಣ್ಣನ್ನು ಹದಮಾಡಿ ಬಡಿದು ನೆಲ ಸಿದ್ಧಪಡಿಸುತ್ತಾರೆ. ಉದ್ದ 42 ಅಡಿ, ಅಗಲ 21 ಅಡಿ ಎಂಬುದು ಪ್ರಸಿದ್ಧವಾದ ಅಳತೆ. ಉದ್ದ ಪೂರ್ವ-ಪಶ್ಚಿಮವಾಗಿ, ಬಾಗಿಲು ಪೂರ್ವಕ್ಕೆ. ಮೇಲೆ ಹಿಂದೆ ಮಡಲಿನ ಚಾವಣಿ ಇರುತ್ತಿತ್ತು. ಈಗ ಹೆಂಚು ಅಥವಾ ಶೀಟು ಕಾಣುತ್ತದೆ. ನೆಲ ತಗ್ಗಿನಲ್ಲಿರುವುದರಿಂದ ಗಾಳಿ ನೇರವಾಗಿ ಮೈಗೆ ಬಡಿಯುವುದಿಲ್ಲ; ಬೆವತ ಮೈ ಒಮ್ಮೆಲೇ ತಣ್ಣಗಾಗುವುದಿಲ್ಲ. ಪಟ್ಟಣಗಳಲ್ಲಿ ಸಭಾಭವನದ ಮಹಡಿಯಲ್ಲೋ ಶಾಲೆಯ ಅಂಗಳದಲ್ಲೋ ನಡೆಯುವ ತರಗತಿಗಳೂ ಉಂಟು. ಅಲ್ಲಿ ಅಗೆದ ನೆಲ ಇಲ್ಲದಿದ್ದರೂ ಪಾಠದ ಕ್ರಮ ಬಹುಮಟ್ಟಿಗೆ ಅದೇ.

ನೈರುತ್ಯ ಮೂಲೆಯಲ್ಲಿ ಏಳು ಮೆಟ್ಟಿಲಿನ ಒಂದು ಪೀಠವಿರುತ್ತದೆ. ಅದಕ್ಕೆ ಪೂತ್ತರ ಎಂದು ಹೆಸರು. ಗುರುಪರಂಪರೆಯ ನೆನಪಿಗೆ ಗುರುತ್ತರ ಎಂಬ ಇನ್ನೊಂದು ಪೀಠ. ಕಲಿಸುವವರನ್ನು ಗುರುಕ್ಕಳ್ ಎನ್ನುತ್ತಾರೆ. ಒಳಗೆ ಬಲಗಾಲಿಟ್ಟು ಬರಬೇಕು, ನೆಲ ಮುಟ್ಟಿ ಹಣೆಗೆ ಒತ್ತಿಕೊಳ್ಳಬೇಕು, ಪೀಠಗಳಿಗೂ ಗುರುಗಳಿಗೂ ವಂದಿಸಬೇಕು. ಚಪ್ಪಲಿ ಹೊರಗೇ ಬಿಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ನಮ್ಮ ಮನೆಗಳಲ್ಲಿ ಒಂದು ಸಂಕೋಚ ಹುಟ್ಟಬಹುದು. ಪೂತ್ತರದಲ್ಲಿ ಆರಾಧಿಸುವ ದೇವತೆಗಳು ನಮ್ಮ ಬಸದಿಯ ಸಂಪ್ರದಾಯದವಲ್ಲ. ಇದಕ್ಕೆ ಸರಳವಾದ ದಾರಿ ಎಂದರೆ ಸೇರಿಸುವ ದಿನವೇ ಗುರುಕ್ಕಳರ ಬಳಿ ವಿನಯದಿಂದ ಮಾತನಾಡುವುದು. ಕಳರಿಗಳಲ್ಲಿ ಮುಸಲ್ಮಾನ, ಕ್ರೈಸ್ತ ಮನೆಗಳ ಮಕ್ಕಳೂ ಕಲಿಯುತ್ತಾರೆ. ಆದ್ದರಿಂದ ಈ ಪ್ರಶ್ನೆ ಗುರುಗಳಿಗೆ ಹೊಸದಲ್ಲ. ವಿದ್ಯೆ ಕೊಡುವ ನೆಲಕ್ಕೂ ಗುರುವಿಗೂ ಕೈಮುಗಿಯಲು ನಮಗೆ ಯಾವ ಅಡ್ಡಿಯೂ ಇಲ್ಲ. ಉಳಿದದ್ದನ್ನು ಮೊದಲೇ ಹೇಳಿಕೊಂಡರೆ ಮಗುವಿಗೆ ಮುಜುಗರ ತಪ್ಪುತ್ತದೆ.

ಮೊದಲ ದಿನ

ಸಂಪ್ರದಾಯದ ಕಳರಿಯಲ್ಲಿ ಸೇರ್ಪಡೆಯ ದಿನ ವೀಳ್ಯದೆಲೆಯಲ್ಲಿ ನಾಣ್ಯವಿಟ್ಟು ದಕ್ಷಿಣೆ ಕೊಡುವ ಪದ್ಧತಿಯಿದೆ. ಕೆಲವು ಕಡೆ ತಿಂಗಳ ಶುಲ್ಕವಿದೆ, ಕೆಲವು ಕಡೆ ದಕ್ಷಿಣೆ ಮಾತ್ರ. ವ್ಯವಹಾರಸ್ಥರಾದ ನಾವು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದರಲ್ಲಿ ತಪ್ಪಿಲ್ಲ. ಶುಲ್ಕದ ಹೊರತು ಉಡುಪು, ಎಣ್ಣೆ, ಪ್ರದರ್ಶನದ ಖರ್ಚು ಎಂದು ಏನೇನು ಬರುತ್ತದೆ ಎಂಬುದನ್ನೂ ಕೇಳಬೇಕು.

ಉಡುಪಿನ ಬಗ್ಗೆ ಆತುರ ಬೇಡ. ಗಂಡುಮಕ್ಕಳು ಹಿಂದೆ ಲಂಗೋಟಿ ಕಟ್ಟುತ್ತಿದ್ದರು. ಮುಂದೆ ಕಚ್ಚ ಎಂಬ ಉದ್ದನೆಯ ಬಟ್ಟೆಯನ್ನು ಸೊಂಟಕ್ಕೆ ಬಿಗಿಯಾಗಿ ಸುತ್ತಿಕೊಳ್ಳಲು ಕಲಿಸುತ್ತಾರೆ. ಆ ಬಿಗಿತ ನಡುವಿಗೆ ಆಧಾರ. ಆರಂಭಕ್ಕೆ ಸಡಿಲವಾದ ಹತ್ತಿಯ ಚಡ್ಡಿ ಅಥವಾ ಪೈಜಾಮ, ಬನಿಯನ್ ಸಾಕು. ಹೆಣ್ಣುಮಕ್ಕಳಿಗೆ ಸಲ್ವಾರ್ ಕಮೀಜ್, ಸೊಂಟಕ್ಕೆ ಒಂದು ಪಟ್ಟಿ. ಉಗುರು ಕತ್ತರಿಸಿರಬೇಕು. ಸರ, ಬಳೆ, ಉಂಗುರ, ಕಿವಿಯ ಜೋಲುಗಳನ್ನು ಮನೆಯಲ್ಲೇ ತೆಗೆದಿಡಬೇಕು. ಚಿನ್ನ ಕಳೆದುಹೋಗುವ ಭಯ ಒಂದಾದರೆ, ಸರ ಸಿಕ್ಕಿ ಕುತ್ತಿಗೆಗೆ ಗಾಯವಾಗುವ ಭಯ ಇನ್ನೊಂದು. ಕೂದಲನ್ನು ಬಿಗಿಯಾಗಿ ಕಟ್ಟಿರಬೇಕು. ತಿಂಡಿ ತಿಂದು ಎರಡು ಗಂಟೆಯಾದರೂ ಕಳೆದಿರಬೇಕು.

ಮೊದಲ ದಿನ ಮಗು ಹೆಚ್ಚು ಹೊತ್ತು ನೋಡುತ್ತ ನಿಲ್ಲಬೇಕಾಗುತ್ತದೆ. ಪಕ್ಕದಲ್ಲೇ ಅದಕ್ಕಿಂತ ಚಿಕ್ಕ ಮಗುವೊಂದು ಕಾಲನ್ನು ತಲೆಯ ಮೇಲಕ್ಕೆ ಎತ್ತಿ ಅಂಗೈಗೆ ತಾಗಿಸುತ್ತಿರುತ್ತದೆ. ಅದನ್ನು ಕಂಡು ನಮ್ಮ ಮಗುವಿಗೆ ನಾಚಿಕೆಯಾದರೆ ಆಶ್ಚರ್ಯವಿಲ್ಲ. ಮನೆಗೆ ಬಂದಾಗ "ಅವನಂತೆ ನಿನಗೇಕೆ ಬರಲಿಲ್ಲ" ಎಂದು ಯಾರೂ ಕೇಳಬಾರದು. ಆ ಮಗು ಎರಡು ವರ್ಷದಿಂದ ಬರುತ್ತಿರಬಹುದು.

ಮೊದಲ ತಿಂಗಳು: ಕಾಲಿನ ಪಾಠ

ಕಳರಿಯ ಶಿಕ್ಷಣಕ್ಕೆ ನಾಲ್ಕು ಹಂತಗಳು. ಮೊದಲನೆಯದು ಮೆಯ್ತಾರಿ, ಅಂದರೆ ಮೈಯ ಪಳಗಿಸುವಿಕೆ. ಎರಡನೆಯದು ಕೋಲ್ತಾರಿ, ಮರದ ಕೋಲುಗಳ ಅಭ್ಯಾಸ. ಮೂರನೆಯದು ಅಂಗತ್ತಾರಿ, ಕಠಾರಿ, ಕತ್ತಿ-ಗುರಾಣಿ ಮೊದಲಾದ ಲೋಹದ ಆಯುಧಗಳು. ನಾಲ್ಕನೆಯದು ವೆರುಂಕೈ, ಬರಿಗೈ. ಬರಿಗೈ ಕಾದಾಟವೇ ಮೊದಲು ಬರುತ್ತದೆಂದು ನಾವು ಊಹಿಸಿದ್ದರೆ, ಇಲ್ಲಿ ಅದು ಕೊನೆಗೆ ಬರುತ್ತದೆ. ಮನುಷ್ಯ ದೇಹದ ಸೂಕ್ಷ್ಮ ಸ್ಥಾನಗಳಾದ ಮರ್ಮಗಳ ತಿಳುವಳಿಕೆ ಅದರೊಂದಿಗೆ ಸೇರಿದೆ. ಸುಶ್ರುತ ಸಂಹಿತೆಯಲ್ಲಿ ಇಂಥ 107 ಮರ್ಮಗಳ ವಿವರಣೆಯಿದೆ. ಎಲ್ಲಿ ಮುಟ್ಟಿದರೆ ಅಪಾಯ ಎಂದು ತಿಳಿದವನೇ ಎಲ್ಲಿ ಉಪಚರಿಸಬೇಕೆಂದೂ ತಿಳಿದಿರಬೇಕು. ಅದಕ್ಕೆಂದೇ ಹಳೆಯ ಗುರುಕ್ಕಳರು ಮೂಳೆ ಕಟ್ಟುವ, ಉಳುಕು ತೆಗೆಯುವ ವೈದ್ಯರೂ ಆಗಿರುತ್ತಿದ್ದರು. ಆ ವಿದ್ಯೆಯನ್ನು ಶಿಷ್ಯನ ಸ್ವಭಾವ ನೋಡದೆ ಕೊಡುವುದಿಲ್ಲ.

ಹೊಸಬರಿಗೆ ಸಂಬಂಧಿಸಿದ್ದು ಮೊದಲ ಹಂತ ಮಾತ್ರ. ಅದರ ಆರಂಭ ಕಾಲೆಡುಪ್ಪು, ಅಂದರೆ ಕಾಲೆತ್ತುವುದು. ಕಳರಿಯ ಈ ತುದಿಯಿಂದ ಆ ತುದಿಗೆ ಹೆಜ್ಜೆಗೊಮ್ಮೆ ಒಂದೊಂದು ಕಾಲನ್ನು ನೇರವಾಗಿ ಎತ್ತುತ್ತ ಹೋಗಬೇಕು, ತಿರುಗಿ ಬರಬೇಕು. ಇದು ನೇರ್‌ಕಾಲ್. ಕಾಲೆತ್ತಿ ಇಳಿಸುವಾಗಲೇ ನೆಲದತ್ತ ಕುಳಿತು ಏಳುವುದು ಇರುತ್ತಿಕ್ಕಾಲ್. ಓರೆಯಾಗಿ ಎತ್ತುವುದು, ಸುತ್ತಿಸಿ ಇಳಿಸುವುದು ಎಂದು ಇನ್ನೂ ಹಲವು. ಬೆನ್ನು ಬಾಗಬಾರದು, ನಿಂತ ಕಾಲಿನ ಹಿಮ್ಮಡಿ ಏಳಬಾರದು, ಕಣ್ಣು ಮುಂದಿರಬೇಕು. ಮಗು "ಬರೀ ಕಾಲೆತ್ತುವುದು" ಎಂದು ದೂರಿದ್ದು ಇದನ್ನೇ.

ಇದರ ಹಿಂದಿನ ಲೆಕ್ಕಾಚಾರ ಹೀಗಿದೆ. ಕಳರಿಯ ಎಲ್ಲ ಭಂಗಿಗಳೂ ತಗ್ಗಿನವು. ತೊಡೆ, ಸೊಂಟ, ಬೆನ್ನು ಗಟ್ಟಿಯಾಗದೆ ತಗ್ಗಿ ನಿಲ್ಲಲಾಗುವುದಿಲ್ಲ. ತಗ್ಗಿ ನಿಲ್ಲಲಾಗದವನು ನೆಗೆಯಲಾರ, ತಿರುಗಲಾರ. ಕೋಲು ಹಿಡಿದರೆ ತನ್ನ ತಲೆಗೇ ಹೊಡೆದುಕೊಂಡಾನು. ಅಡಿಪಾಯ ಆರುವ ಮೊದಲೇ ಮಹಡಿ ಏರಿಸಿದ ಮನೆಯ ಗತಿ ನಮಗೆಲ್ಲ ಗೊತ್ತು.

ನೋವು ಎಷ್ಟು ಸಹಜ, ಎಲ್ಲಿ ಎಚ್ಚರ

ಮೊದಲ ವಾರ ನೋವಿನ ವಾರ. ಎರಡನೆಯ, ಮೂರನೆಯ ದಿನ ತೊಡೆಯ ಹಿಂಭಾಗ, ಮೀನಖಂಡ, ಸೊಂಟದ ಪಕ್ಕ ಹಿಡಿದುಕೊಂಡು ಮಗು ಮೆಟ್ಟಿಲಿಳಿಯಲು ಒದ್ದಾಡುತ್ತದೆ. ಬಳಸದೇ ಇದ್ದ ಸ್ನಾಯುಗಳಿಗೆ ಕೆಲಸ ಬಿದ್ದಾಗ ಬರುವ ನೋವು ಇದು. ಬಿಸಿನೀರಿನ ಸ್ನಾನ, ಎಳ್ಳೆಣ್ಣೆ, ಒಳ್ಳೆಯ ನಿದ್ರೆಯಿಂದ ನಾಲ್ಕೈದು ದಿನದಲ್ಲಿ ಕಡಿಮೆಯಾಗುತ್ತದೆ. ಈ ನೋವಿಗೆ ಹೆದರಿ ವಾರಗಟ್ಟಲೆ ಬಿಟ್ಟು ಮತ್ತೆ ಹೋದರೆ ನೋವು ಮೊದಲಿನಿಂದ ಆರಂಭವಾಗುತ್ತದೆ.

ಬೇರೆ ರೀತಿಯ ನೋವೂ ಉಂಟು. ಮಂಡಿ, ಪಾದದ ಗಂಟು, ಬೆನ್ನುಮೂಳೆಯಲ್ಲಿ ಚುಚ್ಚಿದಂತೆ ಒಮ್ಮೆಲೇ ಬರುವ ನೋವು, ಊತ, ಕಾಲಿಗೆ ಹರಿಯುವ ಜೋಮು, ಕಾಲೂರಲಾಗದ ಸ್ಥಿತಿ ಕಂಡರೆ ಅಭ್ಯಾಸವನ್ನು ಅಲ್ಲೇ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. "ಸಹಿಸಿಕೋ" ಎಂಬ ಮಾತು ಇಲ್ಲಿ ಸಲ್ಲದು. ಉಬ್ಬಸ, ಹೃದಯದ ತೊಂದರೆ, ಮೂರ್ಛೆ ಇರುವ ಮಕ್ಕಳ ವಿಷಯವನ್ನು ಮುಚ್ಚಿಡದೆ ಗುರುಕ್ಕಳರಿಗೆ ಮೊದಲೇ ತಿಳಿಸಬೇಕು.

ಹೊಸಬರನ್ನು ಪರಸ್ಪರ ಹೊಡೆದಾಡಲು ಬಿಡುವ ಪದ್ಧತಿ ಕಳರಿಯಲ್ಲಿ ಇಲ್ಲ. ಮೊದಲ ತಿಂಗಳಲ್ಲೇ ಎಳೆಯ ಮಕ್ಕಳ ಕೈಗೆ ಕತ್ತಿ ಕೊಟ್ಟು ಫೋಟೋ ತೆಗೆಸುವ ಕಡೆಯಿಂದ ದೂರವಿರುವುದೇ ಕ್ಷೇಮ.

ಎರಡನೆಯ, ಮೂರನೆಯ ತಿಂಗಳು

ಕಾಲು ಸ್ವಲ್ಪ ಹದಕ್ಕೆ ಬಂದ ಮೇಲೆ ಚುವಡು ಎಂಬ ಹೆಜ್ಜೆಗಳು, ವಡಿವು ಎಂಬ ಭಂಗಿಗಳು ಬರುತ್ತವೆ. ಆನೆ, ಕುದುರೆ, ಸಿಂಹ, ಹಂದಿ, ನವಿಲು, ಹಾವು, ಕೋಳಿ, ಮೀನು ಎಂದು ಎಂಟು ಪ್ರಾಣಿಗಳ ಹೆಸರು ಹೇಳುವುದು ವಾಡಿಕೆ. ಪರಂಪರೆಯಿಂದ ಪರಂಪರೆಗೆ ಪಟ್ಟಿಯಲ್ಲಿ ಸ್ವಲ್ಪ ವ್ಯತ್ಯಾಸ ಕಾಣುತ್ತದೆ. ಆನೆಯ ಭಾರ, ಕುದುರೆಯ ಮುನ್ನುಗ್ಗು, ನವಿಲು ಒಂಟಿಕಾಲಿನಲ್ಲಿ ನಿಲ್ಲುವ ಸಮತೋಲ ಇವುಗಳನ್ನು ಮೈಗೆ ತಂದುಕೊಳ್ಳಬೇಕು.

ಅನಂತರ ಮೆಯ್ಪಯಟ್ಟು. ಕಾಲೆತ್ತು, ಹೆಜ್ಜೆ, ಭಂಗಿ, ನೆಗೆತ, ತಿರುವು ಎಲ್ಲವನ್ನೂ ಪೋಣಿಸಿದ ಉದ್ದನೆಯ ಅನುಕ್ರಮ ಇದು. ಗುರುಕ್ಕಳರು ಬಾಯಲ್ಲಿ ಲಯಬದ್ಧವಾಗಿ ಆಜ್ಞೆಗಳನ್ನು ಹೇಳುತ್ತಾರೆ. ಅದಕ್ಕೆ ವಾಯ್ತಾರಿ ಎಂದು ಹೆಸರು. ಆಜ್ಞೆ ಮಲಯಾಳದಲ್ಲಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದುವ ಮಗು ಮೊದಲು ತಡವರಿಸಿದರೂ ವಲತ್ತು ಎಂದರೆ ಬಲ, ಇಡತ್ತು ಎಂದರೆ ಎಡ ಎಂದು ಕೆಲವೇ ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ಕಿವಿ ಕೇಳಿದ್ದನ್ನು ಮೈ ತಡಮಾಡದೆ ಮಾಡಬೇಕು. ನಡುವೆ ಮನಸ್ಸು ಬೇರೆ ಕಡೆ ಹೋಯಿತೆಂದರೆ ಹೆಜ್ಜೆ ತಪ್ಪುತ್ತದೆ, ಅದು ಎಲ್ಲರಿಗೂ ಕಾಣುತ್ತದೆ.

ಮಲಯಾಳದಲ್ಲಿ ಕಳರಿಯ ಗುರಿಯನ್ನು ಹೇಳುವ ಒಂದು ನುಡಿಗಟ್ಟಿದೆ: ಮೈಯೇ ಕಣ್ಣಾಗಬೇಕು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಯೆಲ್ಲ ಕಣ್ಣಾಗಿರು ಎಂದು ನಾವೂ ಹೇಳುತ್ತೇವೆ. ಮೂರು ತಿಂಗಳ ಕಾಲೆತ್ತುವಿಕೆಯ ಹಿಂದೆ ಇರುವುದು ಈ ಎಚ್ಚರ.

ಆದ್ದರಿಂದ ಮೂರು ತಿಂಗಳು ತುಂಬಿದಾಗ "ಎಷ್ಟು ಪಟ್ಟು ಕಲಿತೆ" ಎಂದು ಕೇಳುವ ಬದಲು ಬೇರೆ ಸಂಗತಿಗಳನ್ನು ಗಮನಿಸಬೇಕು. ಮಗು ಊಟಕ್ಕೆ ಕುಳಿತಾಗ ಬೆನ್ನು ನೆಟ್ಟಗಿದೆಯೇ? ಬೆಳಿಗ್ಗೆ ಕರೆಯದೆ ಏಳುತ್ತದೆಯೇ? ಹೇಳಿದ್ದನ್ನು ಒಂದೇ ಸಲಕ್ಕೆ ಕೇಳಿಸಿಕೊಳ್ಳುತ್ತದೆಯೇ? ಸಿಟ್ಟು ಕಡಿಮೆಯಾಗಿದೆಯೇ, ಹೆಚ್ಚಾಗಿದೆಯೇ? ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಸಿಟ್ಟು, ಜಂಬ ಹೆಚ್ಚಿದ್ದರೆ ಗುರುಕ್ಕಳರೊಡನೆ ಕುಳಿತು ಮಾತನಾಡಬೇಕು, ಸರಿಯಾಗದಿದ್ದರೆ ಬಿಡಿಸಬೇಕು.

ಇಲ್ಲಿ ಬಣ್ಣದ ಬೆಲ್ಟುಗಳಿಲ್ಲ. ಮುಂದಿನ ಪಾಠ ಯಾವಾಗ ಎಂಬುದನ್ನು ಗುರುವೇ ನಿರ್ಧರಿಸುತ್ತಾರೆ. ಕೋಲು ಕೈಗೆ ಬರಲು ಎಷ್ಟೋ ತಿಂಗಳು, ಕೆಲವರಿಗೆ ವರ್ಷಗಳೇ ಬೇಕಾಗಬಹುದು. ಮೆಯ್ಪಯಟ್ಟಿನಲ್ಲೇ ನಿಲ್ಲಿಸುವವರೂ ಇದ್ದಾರೆ. ಅಷ್ಟಾದರೂ ದೇಹಕ್ಕೆ ಲಾಭವೇ.

ಅಹಿಂಸೆಯ ಪ್ರಶ್ನೆ

ಈಗ ಮೊದಲ ಪ್ರಶ್ನೆಗೆ ಬರೋಣ. ನಮ್ಮ ಶಾಸ್ತ್ರಕಾರರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಬೇಕೆಂದೇ ಮಾಡುವುದು ಸಂಕಲ್ಪೀ; ಅಡಿಗೆ, ಮನೆವಾರ್ತೆಯಲ್ಲಿ ಆಗುವುದು ಆರಂಭೀ; ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ; ತನ್ನ, ತನ್ನವರ ರಕ್ಷಣೆಯಲ್ಲಿ ಅನಿವಾರ್ಯವಾಗಿ ಆಗುವುದು ವಿರೋಧೀ. ಅಣುವ್ರತಿಯಾದ ಗೃಹಸ್ಥ ಮೊದಲನೆಯದನ್ನು ಪೂರ್ಣವಾಗಿ ಬಿಡಬೇಕು. ಉಳಿದವನ್ನು ವಿವೇಕದಿಂದ ಆದಷ್ಟು ಕಡಿಮೆ ಮಾಡಬೇಕು. ಮುನಿಗಳ ಮಹಾವ್ರತ ಬೇರೆ, ಶ್ರಾವಕರ ಅಣುವ್ರತ ಬೇರೆ.

ನಮ್ಮ ಪರಂಪರೆಗೆ ತೋಳ್ಬಲ ಅಪರಿಚಿತವಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ. ಆ ಮೂರ್ತಿಯ ಕಥೆಯಲ್ಲೂ ಸೈನ್ಯಗಳ ಸಂಹಾರವನ್ನು ತಪ್ಪಿಸಲೆಂದೇ ಅಣ್ಣತಮ್ಮಂದಿರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಎದುರಾದರು. ಮಲ್ಲಯುದ್ಧದಲ್ಲಿ ಭರತನನ್ನು ಮೇಲೆತ್ತಿದ ಬಾಹುಬಲಿ ಅವನನ್ನು ನೆಲಕ್ಕೆ ಅಪ್ಪಳಿಸಲಿಲ್ಲ. ಬಲವಿದ್ದವನು ಕೈ ತಡೆದುಕೊಂಡರೆ ಅದು ಕ್ಷಮೆ ಎನಿಸುತ್ತದೆ. ಬಲವೇ ಇಲ್ಲದವನಿಗೆ ತಡೆದುಕೊಳ್ಳಲು ಏನೂ ಇರುವುದಿಲ್ಲ.

ಹಾಗೆಂದು ವಿರೋಧೀ ಹಿಂಸೆಯ ಹೆಸರಿನಲ್ಲಿ ಮಕ್ಕಳಿಗೆ ಹೊಡೆದಾಟದ ಪರವಾನಗಿ ಕೊಡುವಂತಿಲ್ಲ. ಕಲಿತದ್ದನ್ನು ಶಾಲೆಯಲ್ಲಿ ಪ್ರಯೋಗಿಸಿದರೆ ಆ ದಿನದಿಂದ ಕಳರಿ ಬಂದ್ ಎಂದು ಮೊದಲೇ ಹೇಳಿಡಬೇಕು. ಆಯುಧದ ಹಂತ ಬೇಡ ಎನಿಸಿದ ಮನೆಯವರು ಮೊದಲ ಹಂತದಲ್ಲೇ, ಹೆಚ್ಚೆಂದರೆ ಕೋಲಿನಲ್ಲಿ ನಿಲ್ಲಿಸಬಹುದು. ಹೆಚ್ಚಿನ ವ್ರತ ಹಿಡಿದ ಹಿರಿಯರು ಮನೆಯಲ್ಲಿದ್ದು ಅವರಿಗೆ ಇದು ಸಮ್ಮತವಾಗದಿದ್ದರೆ ಅವರ ಮಾತಿಗೂ ಬೆಲೆಯಿದೆ. ಗುರುಗಳಲ್ಲಿ ಕೇಳಿ ತೀರ್ಮಾನಿಸಬೇಕು.

ಊಟ, ಉಪವಾಸ, ಎಣ್ಣೆ

ಕಾಸರಗೋಡಿನ ಕಡೆ ಸೂರ್ಯಾಸ್ತ ವರ್ಷವಿಡೀ ಸಂಜೆ ಸುಮಾರು 6ರಿಂದ 7 ಗಂಟೆಯ ಒಳಗೆ. ಸಂಜೆ ಆರರ ತರಗತಿಗೆ ಹೋಗುವ ಮಗು ಮುಂಚೆ ಉಂಡರೆ ಹೊಟ್ಟೆಭಾರ, ಆಮೇಲೆ ಉಂಡರೆ ನಿಯಮಭಂಗ. ನೀರನ್ನೂ ಬಿಡುವವರಿಗೆ ಬೆವರು ಸುರಿಸಿ ನೀರಿಲ್ಲದೆ ಮಲಗುವುದು ಒಳ್ಳೆಯದಲ್ಲ. ಹೆಚ್ಚಿನ ಕಡೆ ಬೆಳಗಿನ ತರಗತಿಯೂ ಇರುತ್ತದೆ. ಅದನ್ನೇ ಆರಿಸಿಕೊಂಡರೆ ಎಲ್ಲ ತೊಡಕೂ ಕಳೆಯುತ್ತದೆ. ಅಂಗಡಿ ತೆರೆಯುವ ಮುನ್ನ ತಂದೆಯವರೂ ಜೊತೆಗೆ ಹೋಗಬಹುದು.

ಅಷ್ಟಮಿ, ಚತುರ್ದಶಿಯ ಉಪವಾಸದ ದಿನ ಅಭ್ಯಾಸ ಬೇಡ. ಹೋಗಿ ಕುಳಿತು ನೋಡಿದರೂ ಪಾಠವೇ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ರಜೆ ಬೇಕೆಂದು ಮೊದಲೇ ತಿಳಿಸಿಟ್ಟರೆ ಗುರುಗಳಿಗೂ ಅನುಕೂಲ.

ಮೈಕಟ್ಟಿಗೆ ಮೊಟ್ಟೆ, ಮಾಂಸ ಬೇಕೇ ಬೇಕು ಎಂದು ಸಹಪಾಠಿಗಳು ಮಗುವಿನ ತಲೆಗೆ ತುಂಬಬಹುದು. ಆರಂಭಿಕನ ಶ್ರಮಕ್ಕೆ ನಮ್ಮ ಅಡಿಗೆಮನೆಯೇ ಸಾಕು. ಮೊಳಕೆ ಬರಿಸದೆ ಬೇಯಿಸಿದ ಹೆಸರುಕಾಳು, ಕಡಲೆ, ತೊಗರಿಬೇಳೆ, ಹುರಿದ ಶೇಂಗಾ, ರಾಗಿ, ಹಾಲು, ಮೊಸರು, ತುಪ್ಪ ದಿನವೂ ಸರದಿಯಂತೆ ಹೊಟ್ಟೆಗೆ ಹೋಗಬೇಕು. ಅನ್ನವನ್ನಷ್ಟೇ ಹೆಚ್ಚಿಸಿ ಕಾಳುಬೇಳೆ ಮರೆತರೆ ಮಗು ಸೊರಗುತ್ತದೆ.

ಮಲಯಾಳದ ಕರ್ಕಿಡಕ ಎಂದರೆ ನಮ್ಮ ತುಳುನಾಡಿನ ಆಟಿ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಸುರಿಯುವ ಮಳೆಯ ಆ ದಿನಗಳಲ್ಲಿ ಮೈಗೆ ಎಣ್ಣೆ ಹಚ್ಚಿ ಅಭ್ಯಾಸ ಮಾಡುವುದೂ ಉಳಿಚ್ಚಿಲ್ ಎಂಬ ಮರ್ದನ ಮಾಡಿಸುವುದೂ ಹಳೆಯ ಪದ್ಧತಿ. ಮೇಲೆ ಕಟ್ಟಿದ ಹಗ್ಗ ಹಿಡಿದು ಗುರುಕ್ಕಳರು ಪಾದದಿಂದಲೇ ತಿಕ್ಕುತ್ತಾರೆ. ಇದು ಹೊಸಬರಿಗೆ ಮೊದಲ ದಿನವೇ ಮಾಡುವಂಥದ್ದಲ್ಲ. ಎಣ್ಣೆ ಸಾಮಾನ್ಯವಾಗಿ ಎಳ್ಳೆಣ್ಣೆಯ ಆಧಾರದ್ದು. ಆದರೆ ಹೊಟ್ಟೆಗೆ ಕೊಡುವ ಲೇಹ್ಯ, ರಸಾಯನಗಳ ವಿಷಯದಲ್ಲಿ ನಾವು ಕೇಳಿಯೇ ತೆಗೆದುಕೊಳ್ಳಬೇಕು. ಎಷ್ಟೋ ಲೇಹ್ಯಗಳಲ್ಲಿ ಜೇನು ಇರುತ್ತದೆ. ಆಡಿನ ಮಾಂಸ ಸೇರಿಸಿ ತಯಾರಿಸುವ ಅಜಮಾಂಸ ರಸಾಯನದಂಥವೂ ಆಯುರ್ವೇದದಲ್ಲಿ ಇವೆ. ಕೇಳಿದರೆ ಬೇರೆ ಔಷಧಿ ಸೂಚಿಸುತ್ತಾರೆ.

ಹೆಣ್ಣುಮಕ್ಕಳಿಗೆ

ಕಳರಿಗೆ ಹೆಣ್ಣುಮಕ್ಕಳು ಹೊಸಬರಲ್ಲ. ಉತ್ತರ ಕೇರಳದ ವೀರಗಾಥೆಗಳಲ್ಲಿ ಉಣ್ಣಿಯಾರ್ಚೆಯ ಹೆಸರು ಮನೆಮಾತು. ನಮ್ಮ ಕಾಲದಲ್ಲಿ ವಡಗರದ ಮೀನಾಕ್ಷಿ ಅಮ್ಮನವರು ಏಳನೆಯ ವಯಸ್ಸಿಗೆ ಕಳರಿಗೆ ಇಳಿದವರು. ಪತಿ ರಾಘವನ್ ಗುರುಕ್ಕಳರ ಕಾಲಾನಂತರ ತಾವೇ ಗುರುವಾಗಿ ಮಕ್ಕಳಿಗೆ ಕಲಿಸಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ವಯಸ್ಸು ಎಪ್ಪತ್ತು ದಾಟಿತ್ತು.

ತಾಯಂದಿರು ಕೇಳಬೇಕಾದ ಪ್ರಶ್ನೆಗಳು ಹಲವಿವೆ. ಹೆಣ್ಣುಮಕ್ಕಳು ಎಷ್ಟು ಮಂದಿ ಇದ್ದಾರೆ? ಕಲಿಸುವವರಲ್ಲಿ ಮಹಿಳೆಯರು ಇದ್ದಾರೆಯೇ? ಬಟ್ಟೆ ಬದಲಿಸಲು ಬೇರೆ ಕೋಣೆ ಉಂಟೇ? ಮರ್ದನವನ್ನು ಮಹಿಳೆಯರಿಗೆ ಮಹಿಳೆಯರೇ ಮಾಡುತ್ತಾರೆಯೇ? ತಾಯಿ ಬಂದು ಕುಳಿತು ನೋಡಬಹುದೇ? ಈ ಪ್ರಶ್ನೆಗಳಿಗೆ ಬೇಸರಿಸುವ ಕಡೆ ಮಗಳನ್ನು ಸೇರಿಸಬಾರದು. ಭಂಗಿ ತಿದ್ದುವಾಗ ಗುರು ಕೈ ಮುಟ್ಟಬೇಕಾಗುತ್ತದೆ, ನಿಜ. ಅದು ಎಲ್ಲರ ಎದುರಿಗೆ ನಡೆಯಬೇಕು. ಯಾವ ಸ್ಪರ್ಶವಾದರೂ ಮಗುವಿಗೆ ಸರಿ ಕಾಣದಿದ್ದರೆ ಅಂದೇ ಮನೆಯಲ್ಲಿ ಹೇಳುವ ಸಲುಗೆ ಅದಕ್ಕಿರಬೇಕು. ಗಂಡುಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ.

ಗಾದಿಯ ಮೇಲೆ ಕೂರುವವರಿಗೆ

ಮಗುವನ್ನು ಕರೆತಂದ ತಂದೆಗೆ "ನೀವೂ ಇಳಿಯಿರಿ" ಎಂಬ ಆಹ್ವಾನ ಬರುವುದುಂಟು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಗಾದಿಯ ಮೇಲೋ ಗಲ್ಲಾಪೆಟ್ಟಿಗೆಯ ಹಿಂದೋ ಕುಳಿತು ಸೊಂಟ, ಮಂಡಿ ಹಿಡಿದುಕೊಂಡವರಿಗೆ ಇದು ಉಪಕಾರಿ. ಆದರೆ ನಲವತ್ತು ದಾಟಿದವರು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು, ಬೆನ್ನಿನ ಡಿಸ್ಕ್ ಜರುಗಿದವರು, ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ಇಳಿಯಬಾರದು. ಕಾಲು ಸೊಂಟದ ಎತ್ತರಕ್ಕೆ ಬಂದರೆ ಅಷ್ಟೇ ಸಾಕು. ಪಕ್ಕದ ಹತ್ತು ವರ್ಷದ ಹುಡುಗನೊಡನೆ ಸ್ಪರ್ಧೆ ಬೇಡ. ವಾರಕ್ಕೆ ಮೂರು ದಿನ ತಪ್ಪದೆ ಬಂದವನು, ಒಂದು ವಾರ ದಿನವೂ ಬಂದು ಆಮೇಲೆ ಬಿಟ್ಟವನಿಗಿಂತ ಮುಂದೆ ಹೋಗುತ್ತಾನೆ.

ಆತ್ಮರಕ್ಷಣೆಯ ಮಾತು

ಹಣದ ಚೀಲ ಹಿಡಿದು ರಾತ್ರಿ ಅಂಗಡಿ ಮುಚ್ಚಿ ಬರುವ ಮನೆಗಳಲ್ಲಿ ಈ ಆಸೆ ಇರುತ್ತದೆ: ಮಗ ನಾಲ್ಕು ಪಟ್ಟು ಕಲಿತರೆ ಕಳ್ಳಕಾಕರನ್ನು ಎದುರಿಸಿಯಾನು. ಮೂರು ತಿಂಗಳ ಅಭ್ಯಾಸದಿಂದ ಅದು ಆಗದು, ಮೂರು ವರ್ಷವಾದರೂ ಚಾಕುವಿನ ಎದುರು ಯಾರೂ ಖಾತರಿ ಕೊಡಲಾರರು. ಚಾಕು ಕಂಡರೆ ಚೀಲ ಕೊಟ್ಟು ಹಿಂದೆ ಸರಿಯಬೇಕು. ಹೋದ ಹಣವನ್ನು ಇನ್ನೊಂದು ಹಂಗಾಮಿನಲ್ಲಿ ಗಳಿಸಬಹುದು. ಕಳರಿಯಿಂದ ಸಿಗುವುದು ಬೇರೆ ಲಾಭ: ಬೀದಿಯಲ್ಲಿ ಯಾರು ಹಿಂದೆ ಬರುತ್ತಿದ್ದಾರೆಂಬ ಗಮನ, ಜಾರಿದಾಗ ಸಾವರಿಸಿಕೊಳ್ಳುವ ಕಾಲು, ಗದರಿದವನ ಎದುರು ನಡುಗದ ದನಿ. ಜಗಳ ಹುಟ್ಟುವ ಮುನ್ನವೇ ಅಲ್ಲಿಂದ ಹೊರಬರಲು ಇವು ಸಾಕಾಗುತ್ತವೆ.

ಕಳರಿ ಇಲ್ಲದ ಊರುಗಳಲ್ಲಿ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಹೊಸೂರು, ಆದವಾನಿ ಕಡೆಯ ಬಂಧುಗಳಿಗೆ ಹತ್ತಿರದಲ್ಲಿ ಕಳರಿ ಸಿಗಲಿಕ್ಕಿಲ್ಲ. ಆದರೆ ಆರಂಭದ ನಿಯಮ ಎಲ್ಲೆಡೆ ಒಂದೇ. ಮಹಾರಾಷ್ಟ್ರದ ಕಡೆಯ ತಾಲೀಮಿಗೆ ಹೋದರೆ ಹೊಸ ಹುಡುಗ ಮೊದಲು ಕೆಮ್ಮಣ್ಣು ಅಗೆದು ಹದ ಮಾಡಬೇಕು, ದಂಡ-ಬೈಠಕ್ ಹೊಡೆಯಬೇಕು. ಕುಸ್ತಿಯ ಪಟ್ಟು ಆಮೇಲೆ. 1882ರಲ್ಲಿ ಟೋಕಿಯೋದಲ್ಲಿ ಕಾನೋ ಜಿಗೋರೊ ಆರಂಭಿಸಿದ ಜೂಡೋದಲ್ಲಿ ಮೊದಲ ಪಾಠವೇ ಬೀಳುವುದು. ಗದ್ದ ಎದೆಗೆ ಒತ್ತಿ, ಅಂಗೈಯಿಂದ ಚಾಪೆಗೆ ಬಡಿದು, ತಲೆಗೆ ಪೆಟ್ಟಾಗದಂತೆ ಬೀಳಲು ಕಲಿಸುತ್ತಾರೆ; ಎಸೆಯುವುದು ಆಮೇಲೆ. ಎದುರಾಳಿಯ ಹಿಡಿತ ಸಹಿಸಲಾಗದಾಗ ಕೈತಟ್ಟಿದರೆ ಆತ ಆ ಕ್ಷಣವೇ ಬಿಡಬೇಕು. ಕರಾಟೆಯಲ್ಲೂ ತಿಂಗಳುಗಟ್ಟಲೆ ಗಾಳಿಗೇ ಗುದ್ದುವ ಅಭ್ಯಾಸ. ತಿಂಗಳಿಗೊಂದು ಪರೀಕ್ಷೆ, ಪರೀಕ್ಷೆಗೊಂದು ಶುಲ್ಕ, ವರ್ಷ ತುಂಬುವುದರೊಳಗೆ ಕಪ್ಪು ಬೆಲ್ಟು ಎಂದು ಹೇಳುವ ಕಡೆ ಮಾತ್ರ ಕೈ ಜೇಬಿಗೆ ಹಾಕುವ ಮುನ್ನ ಎರಡು ಸಲ ಯೋಚಿಸಬೇಕು.

ಕಳರಿಗೆ ಇಂದು ಸರ್ಕಾರದ ಮನ್ನಣೆಯೂ ಇದೆ. 2022ರಲ್ಲಿ ಪಂಚಕುಲಾದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಇದು ದೇಶೀ ಕ್ರೀಡೆಯಾಗಿ ಸೇರಿತು. 2023ರ ಗೋವಾ ರಾಷ್ಟ್ರೀಯ ಕ್ರೀಡಾಕೂಟದಲ್ಲೂ ಇತ್ತು. ಪದಕದ ಆಸೆಯಿಂದ ಸೇರಿಸುವುದಾದರೆ ಸೇರಿಸಲಿ. ಆದರೆ ಪದಕ ದೂರದ ಮಾತು.

ಮಕ್ಕಳನ್ನು ಸೇರಿಸಬೇಕೆಂದಿರುವ ಮನೆಯವರಲ್ಲಿ ನಮ್ಮ ವಿನಂತಿ ಇಷ್ಟೇ. ಹಣ ಕಟ್ಟುವ ಮೊದಲು ಒಂದು ಬೆಳಿಗ್ಗೆ ಹೋಗಿ ಮೌನವಾಗಿ ಕುಳಿತು ನೋಡಿರಿ. ಗುರುಗಳು ಹಿಂದುಳಿದ ಮಗುವಿನ ಬಳಿ ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದನ್ನು ಗಮನಿಸಿರಿ. ಮುಂದಿರುವವನನ್ನು ಯಾರಾದರೂ ಹೊಗಳುತ್ತಾರೆ. ಮನಸ್ಸಿಗೆ ಒಪ್ಪಿದರೆ ಸೇರಿಸಿ, ಮೂರು ತಿಂಗಳು ಏನನ್ನೂ ಕೇಳದೆ ಕಾಯಿರಿ. ಅಂಗಡಿ ಇಟ್ಟ ಮೊದಲ ಮೂರು ತಿಂಗಳಿನ ಲೆಕ್ಕ ನೋಡಿ ಅಂಗಡಿ ಮುಚ್ಚಿದ್ದರೆ ನಮ್ಮ ಹಿರಿಯರು ಇಂದು ಈ ಊರುಗಳಲ್ಲಿ ಇರುತ್ತಿರಲಿಲ್ಲ. ಆ ತಾಳ್ಮೆಯನ್ನೇ ಮಕ್ಕಳ ಕಾಲಿಗೂ ಕೊಡೋಣ.